ಕುಂಕುಮವಿಲ್ಲದ ಪಾಟಿ

ಮಹಾನವಮಿಗೆ ನಮ್ಮ ಕಡೆ ರೈತ ಕೂರಿಗೆ ಕುಂಟೆಗೆ ಪೂಜೆ ಮಾಡುತ್ತಾನೆ, ಬಡಿಗ ಉಳಿ ಬಾಚಿಗೆ ಮಾಡುತ್ತಾನೆ, ಶಾಲೆಯ ಮಕ್ಕಳು ಪಾಟಿಗೆ, ಅಂದರೆ ಸ್ಲೇಟಿಗೆ. ಸರಸ್ವತಿಯ ಚಿತ್ರದ ಮುಂದೆ ಪಾಟಿಗಳನ್ನು ಸಾಲಾಗಿ ಇಟ್ಟು, ಮಾಸ್ತರನಾದವನು ಒಂದೊಂದಕ್ಕೂ ಕುಂಕುಮ ಹಚ್ಚಿ ಹೂವು ಏರಿಸಬೇಕು. ಇಷ್ಟು ಸರಳ ಕೆಲಸದಲ್ಲಿ ತಲೆ ಕೆಡಿಸಿಕೊಳ್ಳುವಂಥದ್ದು ಏನಿದೆ ಎಂದು 1957ರ ಮಹಾನವಮಿಯವರೆಗೆ ನಾನೂ ತಿಳಿದಿದ್ದೆ.

ಆ ವರ್ಷ ನನಗೆ ಹಿರೇಕೆರೂರಿನಿಂದ ಯಲವಿಗಿ ಸ್ಟೇಶನ್ನಿನ ಹತ್ತಿರದ ಒಂದು ಹಳ್ಳಿಗೆ ವರ್ಗವಾಯಿತು. ಒಂದೇ ಕೋಣೆಯ ಸರಕಾರಿ ಶಾಲೆ, ನಾನೊಬ್ಬನೇ ಮಾಸ್ತರ. ನಾಲ್ಕನೆಯ ಇಯತ್ತೆಯಲ್ಲಿ ಶೇಖವ್ವ ಎಂಬ ಹುಡುಗಿ ಇದ್ದಳು, ಊರ ಹೊರಗಿನ ಕೇರಿಯವಳು. ಲೆಕ್ಕದಲ್ಲಿ ಚುರುಕು, ಮಾತು ಕಡಿಮೆ. ಹಬ್ಬ ಹತ್ತಿರ ಬಂದಾಗ ಅವಳು ನನ್ನ ಬಳಿ ಬಂದು, ತನ್ನ ಪಾಟಿಯನ್ನು ಈ ಸಲವೂ ಹೊರಗಿನ ಮೆಟ್ಟಿಲ ಮೇಲೆ ಇಡಬೇಕೇ ಎಂದು ಕೇಳಿದಳು. ನನಗೆ ತಲೆ ಬುಡ ತಿಳಿಯಲಿಲ್ಲ. ವಿಚಾರಿಸಿದಾಗ ಗೊತ್ತಾಯಿತು, ಹಿಂದಿನ ಮಾಸ್ತರರು ಅವಳ ಪಾಟಿಯನ್ನು ಮುಟ್ಟುತ್ತಲೇ ಇರಲಿಲ್ಲವಂತೆ. ಉಳಿದ ಮಕ್ಕಳ ಪಾಟಿಗಳಿಗೆ ಒಳಗೆ ಪೂಜೆ ನಡೆಯುವಾಗ ಅವಳದು ಮೆಟ್ಟಿಲ ಮೇಲೆ ಬರಿದೇ ಬಿದ್ದಿರುತ್ತಿತ್ತು.

ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆಂದು ಹೆಂಡತಿ ಹೇಳುವುದು ಸುಳ್ಳಲ್ಲ. ಅದೇ ಸಂಜೆ ಶಾಲಾ ಕಮಿಟಿಯ ಹಿರಿಯರಾದ ಬಸವಣ್ಣೆಪ್ಪನವರ ಮನೆಗೆ ಹೋಗಿ, ಈ ವರ್ಷ ಎಲ್ಲ ಪಾಟಿಗಳೂ ಒಂದೇ ಸಾಲಿನಲ್ಲಿ ಎಂದು ಹೇಳಿಬಿಟ್ಟೆ. ಅವರು ಮಕ್ಕಳನ್ನು ಶಾಲೆ ಬಿಡಿಸುತ್ತೇವೆ ಎಂದರು. ಬಿಡಿಸಿರಿ, ಅವಳೊಬ್ಬಳಿಗೇ ಪಾಠ ಹೇಳುತ್ತೇನೆ ಎಂದೆ. ಹಬ್ಬದ ತನಕ ಜಗ್ಗಾಟ ನಡೆಯಿತು. ಕೊನೆಗೆ ಅವರು ಮುಖ ಗಂಟು ಹಾಕಿಕೊಂಡು, ಏನಾದರೂ ಮಾಡಿಕೊಳ್ಳಿ ಎಂದು ಕೈಬಿಟ್ಟರು. ನಾನು ಕುಸ್ತಿ ಗೆದ್ದವನ ಹಾಗೆ ಊರಲ್ಲಿ ಓಡಾಡಿದೆ.

ಹಬ್ಬದ ಮುನ್ನಾದಿನ ಶೇಖವ್ವನ ಅಪ್ಪ ಗುತ್ತೆಪ್ಪ ಬಂದ. ಸ್ಟೇಶನ್ನಿನಲ್ಲಿ ಹಮಾಲಿ ಮಾಡುವವನು. ಹಿಂದಿನ ದಸರೆಯಲ್ಲಿ ಅಲ್ಲಿಂದಲೇ ರೈಲು ಹತ್ತಿ ನಾಗಪುರಕ್ಕೆ ಹೋಗಿ ಬೌದ್ಧನಾಗಿ ಬಂದಿದ್ದನೆಂದು ಕೇಳಿದ್ದೆ. ಉಪಕಾರ ನೆನೆಯಲು ಬಂದಿದ್ದಾನೆಂದುಕೊಂಡು ಚಾಪೆ ಹಾಸಿದೆ. ಅವನು ಕುಳಿತುಕೊಳ್ಳಲಿಲ್ಲ.

“ನಮ್ಮ ಹುಡುಗಿ ಪಾಟಿಗೆ ಕುಂಕುಮ ಹಚ್ಚಬ್ಯಾಡ್ರಿ ಮಾಸ್ತರ. ಈ ಪೂಜಿ ಮಾಡಂಗಿಲ್ಲಂತ ಆಣಿ ಮಾಡಿ ಬಂದೇನಿ,” ಎಂದ.

ಯಾರ ಸಲುವಾಗಿ ಊರನ್ನೇ ಎದುರು ಹಾಕಿಕೊಂಡಿದ್ದೆನೋ ಅವನೇ ಬೇಡ ಎನ್ನುತ್ತಿದ್ದ. ನನಗೆ ಮೈಯೆಲ್ಲ ಉರಿಯಿತು. ಹಾಗಾದರೆ ನಾಳೆ ಅವಳು ಮನೆಯಲ್ಲೇ ಇರಲಿ ಎಂದುಬಿಟ್ಟೆ.

“ಮನ್ಯಾಗ ಯಾಕ ಇರ್ಬೇಕ್ರಿ? ಸಾಲಿ ಆಕೀದೂ ಐತಿ. ಪಾಟಿ ಎಲ್ಲಾರ ಜೋಡಿ ಒಳಗ ಇರ್ಲಿ. ಕುಂಕುಮ ಅಷ್ಟ ಬ್ಯಾಡ.”

ಅವನು ದನಿ ಏರಿಸಲಿಲ್ಲ. ಹೇಳಬೇಕಾದ್ದು ಹೇಳಿ ಹೊರಟುಹೋದ. ಅವನ ಮಾತಿನಲ್ಲಿ ತಪ್ಪು ಹುಡುಕಿದೆ, ಸಿಗಲಿಲ್ಲ. ಆದರೂ ಅದು ಗಂಟಲಲ್ಲಿ ಇಳಿಯಲಿಲ್ಲ. ಒಳಗೆ ಕರೆದುಕೊಳ್ಳುವುದೆಂದರೆ ನಮ್ಮ ಹಾಗೆ ಮಾಡಿಕೊಳ್ಳುವುದು ಎಂದೇ ನಾನು ತಿಳಿದಿದ್ದೆ. ಬೇರೆಯವರಾಗಿಯೇ ಒಳಗೆ ಬರುತ್ತೇವೆ ಎನ್ನುವವರಿಗೆ ಏನು ಮಾಡಬೇಕೆಂದು ಟ್ರೇನಿಂಗಿನಲ್ಲಿ ಯಾರೂ ಹೇಳಿಕೊಟ್ಟಿರಲಿಲ್ಲ.

ಮರುದಿನ ಬೆಳಿಗ್ಗೆ ಇನ್ನೊಂದು ಫಜೀತಿ. ಶೇಖವ್ವನ ಅವ್ವ ಮಂಜವ್ವ ಶಾಲೆಯ ಹಿಂದಿನ ಬೇವಿನ ಮರದ ಹತ್ತಿರ ಕಾಯುತ್ತಿದ್ದಳು.

“ಒಂದೀಟ ಹಚ್ಚಿಬಿಡ್ರಿ, ಅವರಿಗೆ ಹೇಳಬ್ಯಾಡ್ರಿ,” ಎಂದಳು. “ವರ್ಷಾ ವರ್ಷಾ ಬರಿ ಪಾಟಿ ತಂದು ಹುಡುಗಿ ಅತ್ತೈತ್ರಿ.”

ಅಪ್ಪ ಬೇಡ ಎಂದಿದ್ದ, ಅವ್ವ ಬೇಕು ಎನ್ನುತ್ತಿದ್ದಳು. ನನ್ನ ಕೈಯಲ್ಲಿ ಕುಂಕುಮದ ಬಟ್ಟಲು.

ಪೂಜೆ ಶುರುವಾಯಿತು. ಶೇಖವ್ವನ ಪಾಟಿ ಸಾಲಿನ ನಡುವೆ ಇತ್ತು. ಬಸವಣ್ಣೆಪ್ಪನವರು ಬಾಗಿಲ ಬಳಿ ನಿಂತು ನೋಡುತ್ತಿದ್ದರು. ಅವರ ಮೊಮ್ಮಗಳಾದ ಹಾಲವ್ವನ ಪಾಟಿಗೆ ಕುಂಕುಮ ಹಚ್ಚಿ ಶೇಖವ್ವನ ಪಾಟಿಗೆ ಬಂದೆ. ಬೆರಳು ನಿಂತಿತು. ನಿನಗೆ ಏನು ಬೇಕು ಎಂದು ಆ ಹುಡುಗಿಯನ್ನೇ ಮೆಲ್ಲಗೆ ಕೇಳಿದೆ. ಅಪ್ಪ ಬೇಡ ಎಂದಿದ್ದಾನೆ ಎಂದು ಅವಳು ಹೇಳಿದಳು. ಹೇಳುವಾಗ ಹೊರಗಿನ ಮೆಟ್ಟಿಲ ಕಡೆ ನೋಡಿದಳು. ನಾನು ಅವಳ ಪಾಟಿ ಬಿಟ್ಟು ಮುಂದಿನದಕ್ಕೆ ಹೋದೆ.

ಪೂಜೆ ಮುಗಿದಾಗ ಬಸವಣ್ಣೆಪ್ಪನವರ ಮುಖದಲ್ಲಿ ಗಂಟು ಬಿಚ್ಚಿತ್ತು. ಹತ್ತಿರ ಬಂದು ಕಿವಿಯಲ್ಲಿ ಹೇಳಿದರು.

“ಹಿಂಗ ಮಾಡಾವ್ರಿದ್ರ ಮೊದಲ ಹೇಳೂದಲ್ಲೇನ್ರಿ? ಸುಮ್ಮನ ಜಗಳ ಆತು.”

ಗುತ್ತೆಪ್ಪ ಬೌದ್ಧನಾಗಿದ್ದಾನೆ, ತಾನೇ ಬೇಡ ಅಂದ ಎಂದು ನಾನು ಅವಸರದಲ್ಲಿ ವಿವರಿಸಿದೆ. ಅವರು ನಗುತ್ತ ನನ್ನ ಬೆನ್ನು ತಟ್ಟಿ ಮತ್ತೆ ಬಾಗಿಲಿಗೆ ಹೋದರು. ಗುತ್ತೆಪ್ಪನ ಮಾತು ನಡೆಸಲು ಹೋಗಿ ನಾನು ಬಸವಣ್ಣೆಪ್ಪನವರ ಮಾತನ್ನೇ ನಡೆಸಿದ್ದೆನೇ? ನನಗೆ ನಾಚಿಕೆಯಾಯಿತು, ಯಾವುದಕ್ಕೆ ಎಂದು ಮಾತ್ರ ಸರಿಯಾಗಿ ತಿಳಿಯಲಿಲ್ಲ.

ಆಗ ಶೇಖವ್ವ ಪಾಟಿ ಎತ್ತಿಕೊಂಡು ಬಂದಳು. ಅವಳ ಪ್ರಶ್ನೆ ಇನ್ನೂ ನನ್ನ ಕಿವಿಯಲ್ಲಿದೆ.

“ಹ್ವಾದ ವರ್ಷಾನೂ ಕುಂಕುಮ ಇರಲಿಲ್ಲ, ಈ ವರ್ಷಾನೂ ಇಲ್ಲ. ಆಗಿಂದು ಬ್ಯಾರೆ, ಇದು ಬ್ಯಾರೆ ಅಂತ ಮಂದಿಗೆ ಹ್ಯಾಂಗ ಗೊತ್ತಾಕ್ಕೈತ್ರಿ ಮಾಸ್ತರ?”

ಮೂಲೆಯಲ್ಲಿ ಮಕ್ಕಳಿಗೆಂದು ನಾನು ತಂದ ಪುಠಾಣಿ ಬೆಲ್ಲದ ಬುಟ್ಟಿ ಇತ್ತು. ಅದನ್ನು ದೇವರ ಮುಂದೆ ಇಟ್ಟಿರಲಿಲ್ಲ, ಅವಳ ಅಪ್ಪನ ಆಣೆಗೆ ಅಡ್ಡ ಬರುವಂತಿರಲಿಲ್ಲ. ಸರಿಯೋ ತಪ್ಪೋ ಯೋಚಿಸದೆ ಬುಟ್ಟಿಯನ್ನು ಅವಳ ಕೈಗೆ ಕೊಟ್ಟು, ಎಲ್ಲರಿಗೂ ಹಂಚು ಎಂದೆ.

ಹಾಲವ್ವ ಅಜ್ಜನ ಮುಖ ನೋಡುವುದನ್ನು ಮರೆತು ಎರಡೂ ಕೈ ಒಡ್ಡಿದಳು. ಅವಳ ಹಿಂದೆ ಕೆಲವರು ಒಡ್ಡಿದರು, ಕೆಲವರು ಒಡ್ಡಲಿಲ್ಲ. ಶೇಖವ್ವ ಯಾರನ್ನೂ ಬಿಡದೆ ಸಾಲು ಮುಗಿಸಿ ಬಾಗಿಲಿಗೆ ಹೋಗಿ ಬಸವಣ್ಣೆಪ್ಪನವರ ಮುಂದೆ ಬುಟ್ಟಿ ಹಿಡಿದಳು. ಅವರ ನಗು ಮಾಯವಾಗಿತ್ತು. ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು. ಅವಳು ತಿರುಗಿ ನನ್ನ ಬಳಿ ಬಂದು ಬುಟ್ಟಿ ಕೆಳಗಿಟ್ಟಳು.

“ಅಜ್ಜಾರು ತಗೊಳ್ಳಿಲ್ರಿ,” ಎಂದಳು. “ಇದು ಬ್ಯಾರೆ ಅಂತ ಅವರಿಗೆ ಗೊತ್ತಾತ್ರಿ.”