ಮಂಗಳವಾರದ ಅಗ್ಗದ ಆಟ

ಕೆಂಪು, ಬಾಗಿಲ ಮೇಲಿನ ಹೊರದಾರಿ ತೋರಿಸುವ ದೀಪದ ಕೆಂಪು, ಅವನ ಅಂಗೈ ಮೇಲೆ ಬಿದ್ದಿದೆ, ಬಲಗೈ, ಕುರ್ಚಿಯ ತೋಳಿನ ಮೇಲೆ ನಾನೇ ಎತ್ತಿಟ್ಟ ಕೈ, ಅಂಗಾತ ಬಿದ್ದುಕೊಂಡು ಏನನ್ನೋ ಬೇಡುತ್ತಿರುವಂತೆ ಕಾಣುತ್ತದೆ, ಬೇಡುತ್ತಿಲ್ಲ, ಓರಿನ್ ಹುಟ್ಟಿದಾಗಿನಿಂದ ಯಾರ ಹತ್ತಿರವೂ ಏನನ್ನೂ ಕೇಳಿದವನಲ್ಲ, ನನ್ನ ಗಂಡನಾಗಿದ್ದ ಕಾಲದಲ್ಲೂ ಊಟದ ಮೇಜಿನಲ್ಲಿ ಬೇಕಾದದ್ದನ್ನು ಎದ್ದು ಬಂದು ತಾನೇ ತೆಗೆದುಕೊಳ್ಳುತ್ತಿದ್ದ, ಈಗ ಏಳಲಾರ, ಜುಲೈನಲ್ಲಿ ಲಕ್ವ ಹೊಡೆದಾಗಿನಿಂದ ಬಲಗೈ ಬಲಗಾಲು ಸೋತಿವೆ, ಮಾತು ಹೋಗಿದೆ, ಉಳಿದಿರುವುದು ಬೇಡ ಅನ್ನುವ ಒಂದು ಮಾತು ಮತ್ತು ಒಂದು ಬೈಗುಳ, ಬೈಗುಳ ಮಾತ್ರ ಚೊಕ್ಕವಾಗಿ ಬರುತ್ತದೆ, ಇವತ್ತಿನದನ್ನು ಥಿಯೇಟರಿನ ಪಾರ್ಕಿಂಗ್ ಜಾಗದಲ್ಲಿ ಖರ್ಚು ಮಾಡಿದ, ಹಿಮ ಸರಿಯಾಗಿ ಬಳಿದಿರಲಿಲ್ಲ, ಜೀವಮಾನವಿಡೀ ಮಿಲ್ವಾಕಿಯ ಬೀದಿಗಳಲ್ಲಿ ಹಿಮ ಬಳಿಯುವ ಲಾರಿ ಓಡಿಸಿದವನು, ಬೈಯಲಿ, ಬೈದದ್ದು ಕೇಳಿ ನನಗೆ ಸಂತೋಷವೇ ಆಯಿತು — ಐದನೇ ಸಾಲು, ನಡುದಾರಿಯ ಪಕ್ಕ, ನಮ್ಮ ಜಾಗ, ಮೊದಲು ಗಟ್ಟಿ ಕುರ್ಚಿಗಳಿದ್ದವು, ಈಗ ಗುಂಡಿ ಒತ್ತಿದರೆ ಹಲ್ಲಿನ ಡಾಕ್ಟರ ಕುರ್ಚಿಯ ಹಾಗೆ ಹಿಂದಕ್ಕೆ ಮಲಗುತ್ತವೆ, ಮಲಗುವುದಕ್ಕೆ ಮನೆಯಿಲ್ಲವೇನು ಜನಕ್ಕೆ, ನಾನು ಗುಂಡಿ ಮುಟ್ಟುವುದಿಲ್ಲ, ಅವನೂ ಮುಟ್ಟುತ್ತಿರಲಿಲ್ಲ. ಇವತ್ತು ಕೊನೆಯ ಮಂಗಳವಾರ, ಶನಿವಾರ ನಮ್ಮ ಮಗಳು ಜನೆಲ್ ಬಂದು ಅವನನ್ನು ಅರಿಜೋನಾಕ್ಕೆ ಕರೆದುಕೊಂಡು ಹೋಗುತ್ತಾಳೆ.

ಟ್ರೇಲರುಗಳು ಮುಗಿಯುವುದೇ ಇಲ್ಲ, ಗುಮ್ಮ್ ಅಂತ ಒಂದು ಸದ್ದು, ಕತ್ತಲು, ಮತ್ತೆ ಗುಮ್ಮ್, ಯಾರೋ ಹಾರುತ್ತಾರೆ, ಊರು ಒಡೆಯುತ್ತಾರೆ, ಸೇತುವೆ ಕಡ್ಡಿಯಂತೆ ಮುರಿಯುತ್ತದೆ, ಹೋದ ವರ್ಷ ಇಂಥದ್ದೇ ಒಂದನ್ನು ನೋಡಿ ಬಂದಾಗ ಓರಿನ್ ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ, ಅಲ್ಲ ಬರ್ನೀ, ಇದನ್ನೆಲ್ಲ ಗುಡಿಸೋರು ಯಾರು, ಅವನ ಮೇಲೆ ಹಾಕ್ಬೇಕು ಬಿಲ್ಲು, ಆ ಹಾರೋನ ಮೇಲೆ — ಮತ್ತೆ ಎರಡನೇ ಭಾಗ, ಮೂರನೇ ಭಾಗ, ತಾತ ಸತ್ತರೆ ಮೊಮ್ಮಗನ ಭಾಗ, ಹಾಡಿದ್ದೇ ಹಾಡೋ ಕಿಸಬಾಯಿ ದಾಸ ಅನ್ನುವ ಹಾಗೆ, ಇನ್ನು ಬಹುಮಾನಕ್ಕೆಂದೇ ತೆಗೆದವು ಬೇರೆ, ಎಲ್ಲರೂ ಪಿಸುಗುಡುತ್ತಾರೆ, ದೀಪ ಹಾಕುವುದಿಲ್ಲ, ಕರೆಂಟ್ ಬಿಲ್ ಉಳಿಸ್ತಿದಾರಾ ಇವ್ರು ಅಂತ ಅವನು, ನಾನಾದರೆ ಬಟ್ಟೆ ನೋಡುತ್ತೇನೆ, ಮದುವೆ ಗೌನುಗಳನ್ನು ಬಿಚ್ಚಿ ಹೊಲಿದು ಬದುಕಿದ ಕಣ್ಣು, ಇನ್ನೂರು ವರ್ಷ ಹಿಂದಿನ ರಾಣಿಯ ಬೆನ್ನಿಗೆ ಜಿಪ್ ಇದ್ದರೆ ನನಗೆ ಕಥೆ ಅಲ್ಲಿಗೇ ಮುಗಿಯಿತು, ಆದರೂ ಹಾಡಿನ ಸಿನಿಮಾಗಳೆಂದರೆ ನನಗೆ ಪ್ರಾಣ, ಈಗಿನವರು ಅದನ್ನೂ ಕೆಡಿಸುತ್ತಿದ್ದಾರೆ, ನಾಟಕದಲ್ಲಿ ಒಂದು ಸಂಜೆಗೆ ಮುಗಿಯುತ್ತಿದ್ದ ಕಥೆಯನ್ನು ಎರಡು ತುಂಡು ಮಾಡಿ ಎರಡು ಸಲ ಟಿಕೆಟ್ ಹರಿಯುತ್ತಾರೆ, ಹಾಡಲು ಬಾರದ ಚೆಲುವನನ್ನು ತಂದು ನಿಲ್ಲಿಸುತ್ತಾರೆ, ಆದರೂ ಹೋಗುತ್ತೇನೆ, ಅತ್ತು ಬರುತ್ತೇನೆ. ಇವತ್ತು ಮಾತ್ರ ಹಾಡು ಬೇಡ ಎಂದು ಹುಡುಕಿ ಆರಿಸಿದ್ದೆ, ಅವನಿಗಾಗಿ, ಪತ್ತೇದಾರಿ ಕಥೆ, ಟ್ರೇಲರಿನಲ್ಲಿ ಮಳೆ, ಬಂದರು, ಮೀನಿನ ಪೆಟ್ಟಿಗೆಯಲ್ಲಿ ಹೆಣ, ದಪ್ಪ ಮೀಸೆಯ ಪತ್ತೇದಾರ, ಹಾಡಿನ ಸುಳಿವೇ ಇಲ್ಲ — ಸಿನಿಮಾ ಶುರುವಾಗಿದೆ, ಈಗ ಆ ಪತ್ತೇದಾರ ಹೆಣದ ಪಕ್ಕ ಮಂಡಿಯೂರಿದ್ದಾನೆ, ಟೋಪಿ ತೆಗೆದಿದ್ದಾನೆ, ಎಲ್ಲಿಂದಲೋ ಪಿಟೀಲು, ಅಯ್ಯೋ ದೇವರೇ, ಪಿಟೀಲು ಯಾಕೆ, ಬಾಯಿ ತೆರೆದ, ಹಾಡಿಬಿಟ್ಟ. ಹಾಲ್ ತುಂಬ ಒಂದೇ ನರಳಾಟ, ಹಿಂದಿನ ಸಾಲಿನವನೊಬ್ಬ ಥತ್, ಹಾಡಿಂದಾ ಇದು, ಮೊದಲೇ ಹೇಳೋಕೇನಾಗಿತ್ತು ಇವ್ರಿಗೆ, ಎಂದು ಜಾಕೆಟ್ ಎತ್ತಿಕೊಂಡು ಹೊರಟೇಹೋದ, ಈಗೀಗ ಹೀಗೇ ಮಾಡುತ್ತಾರೆ, ಹಾಡಿದೆ ಎಂದರೆ ಗಂಡಸರು ಬರುವುದಿಲ್ಲ ಎಂದು ಟ್ರೇಲರಿನಲ್ಲಿ ಹಾಡನ್ನೇ ಬಚ್ಚಿಡುತ್ತಾರೆ, ಇಷ್ಟು ವರ್ಷ ಸಿನಿಮಾ ನೋಡಿದ ನಾನೂ ಬಲೆಗೆ ಬಿದ್ದೆ, ಬಿದ್ದದ್ದಲ್ಲದೆ ಇವನನ್ನೂ ಕೆಡವಿದೆ, ಕೊನೆಯ ಮಂಗಳವಾರ, ಅದೂ ಹಾಡು. ಮೆಲ್ಲನೆ ತಿರುಗಿ ಅವನ ಮುಖ ನೋಡುತ್ತೇನೆ, ಮುಖದಲ್ಲಿ ಏನೂ ಇಲ್ಲ, ಪರದೆಯ ಬೆಳಕು ಬಂದು ಹೋಗುತ್ತಿದೆ, ಸಿಟ್ಟಾದರೂ ಮಾಡಿಕೊಳ್ಳೋ ಮಾರಾಯ, ಒಂದು ಬೈಗುಳವನ್ನಾದರೂ ಬಿಸಾಡು.

ಅವತ್ತು ಎಷ್ಟು ಸಿಟ್ಟು ಮಾಡಿಕೊಂಡಿದ್ದ, ಮೊದಲ ಸಲ ನಾವಿಬ್ಬರೂ ಒಟ್ಟಿಗೆ ಸಿನಿಮಾಕ್ಕೆ ಹೋದಾಗ, ಆಗ ನನಗೆ ಸೊಂಟವಿತ್ತು, ಅವನಿಗೆ ಕೂದಲಿತ್ತು, ನಾನೇ ಆರಿಸಿದ ಹಾಡಿನ ಸಿನಿಮಾ, ಪರದೆಯ ಮೇಲೆ ಒಂದು ಸಂಸಾರ ಊಟಕ್ಕೆ ಕೂತಿದೆ, ಅಪ್ಪ ಬಾಯಿ ತೆರೆದು ಹಾಡಿದ, ಅಮ್ಮ ಹಾಡಿದಳು, ಮಕ್ಕಳು ಚಮಚ ಬಡಿದರು, ಓರಿನ್ ಇಡೀ ಹಾಲಿಗೆ ಕೇಳುವಂತೆ ಅಂದ, ಉಪ್ಪು ಕೇಳೋಕೆ ಯಾರಾದ್ರೂ ಹಾಡ್ತಾರೇನ್ರೀ, ಜನ ಬಿದ್ದು ಬಿದ್ದು ನಕ್ಕರು, ನಾನು ನಾಚಿಕೆಯಿಂದ ಕೋಟಿನೊಳಗೆ ಮುಖ ಮುಚ್ಚಿಕೊಂಡೆ, ಮುಚ್ಚಿಕೊಂಡು ನಕ್ಕೆ, ಇವನನ್ನೇ ಮದುವೆಯಾಗುವುದು ಎಂದು ಅಲ್ಲೇ ನಿಶ್ಚಯಿಸಿದೆ, ಆದರೆ ಬುದ್ಧಿ ಹೇಳಿದೆ, ಹಾಲ್‌ನಲ್ಲಿ ಮಾತಾಡ್ಬಾರ್ದು ಕಣೋ, ಹೆಸರುಗಳೆಲ್ಲ ಓಡಿ ಮುಗೀಬೇಕು, ದೀಪ ಹತ್ಬೇಕು, ಕಾರಲ್ಲಿ ಕೂತ್ಮೇಲೆ ಹೇಳು. ಅದೇ ನಮ್ಮ ಕಟ್ಟಳೆಯಾಯಿತು, ಕಾರಿನ ಬಾಗಿಲು ಮುಚ್ಚಬೇಕು, ಕೀಲಿ ತಿರುಗಿಸಬಾರದು, ಒಬ್ಬರು ಹೇಳುವಾಗ ಇನ್ನೊಬ್ಬರು ಬಾಯಿ ಹಾಕಬಾರದು, ಇಬ್ಬರದೂ ಆದ ಮೇಲೆ ಕೀಲಿ, ಆಮೇಲೆ ಜಗಳ, ಜನವರಿಯಲ್ಲೂ ಹಾಗೆಯೇ, ಹೀಟರಿಲ್ಲದೆ, ಬಾಯಿಂದ ಹೊಗೆ ಬಿಡುತ್ತ ಅಭಿಪ್ರಾಯ ಹೇಳುವುದು, ಹಾಡಿನ ಸಿನಿಮಾ ಆದ ದಿನ ಅವನದು ಒಂದೇ ಮಾತು, ಉಪ್ಪು, ಅಷ್ಟೇ, ಕೈ ಕಟ್ಟಿ ಕೂರುತ್ತಿದ್ದ, ನಾನು ಸಂಗೀತ, ಉಡುಪು, ಕುಣಿತ ಅಂತ ಬಾಯಿ ನೋಯುವಷ್ಟು ವಾದಿಸಿದರೂ ಅವನದು ಉಪ್ಪು. ಆಮೇಲೆ ಸಂಸಾರ ಮುರಿಯಿತು, ಅದಕ್ಕೆ ದೊಡ್ಡ ಕಾರಣವೇನೂ ಇರಲಿಲ್ಲ, ಅವನು ಚಳಿಗಾಲವೆಲ್ಲ ಲಾರಿಯಲ್ಲಿ, ನಾನು ಬೇಸಿಗೆಯೆಲ್ಲ ಮದುವೆ ಗೌನುಗಳಲ್ಲಿ, ಒಂದು ದಿನ ನೋಡಿದರೆ ಮನೆಯಲ್ಲಿ ಇಬ್ಬರು ಬಾಡಿಗೆದಾರರಿದ್ದರು, ವಕೀಲರ ಕಚೇರಿಯಿಂದ ಹೊರಗೆ ಬಂದ ದಿನ ಮಂಗಳವಾರ, ಮೆಟ್ಟಿಲ ಮೇಲೆ ನಿಂತು ಅವನು ಬೂಟು ನೋಡಿಕೊಂಡು ಅಂದ, ಮಧ್ಯಾಹ್ನ ಒಂದು ಹೊಸಾದು ಬಂದಿದೆಯಂತೆ, ಇವತ್ತು ಟಿಕೆಟ್ಟೂ ಅಗ್ಗ — ಮದುವೆ ಬಿಟ್ಟೆವು, ಮಂಗಳವಾರ ಬಿಡಲಿಲ್ಲ, ಜನ ಏನಾದರೂ ಅಂದುಕೊಳ್ಳಲಿ, ಅಂದುಕೊಂಡರು ಕೂಡ.

ಜುಲೈನಿಂದ ಕಾರಿನಲ್ಲಿ ನಾನೊಬ್ಬಳೇ ಹೇಳುತ್ತೇನೆ. ಹೇಳಿ ಮುಗಿಸಿ, ಅವನ ಸರದಿಗೆ ಬಿಟ್ಟು, ಕೀಲಿ ಹಿಡಿದು ಕಾಯುತ್ತೇನೆ, ಅವನು ಗಾಜಿನಾಚೆ ನೋಡುತ್ತಾನೆ, ಎಷ್ಟು ಹೊತ್ತು ಕಾದರೆ ಮರ್ಯಾದೆ ಎಂದು ಗೊತ್ತಾಗದೆ ಕೀಲಿ ತಿರುಗಿಸುತ್ತೇನೆ — ಜನೆಲ್ ಫೋನಿನಲ್ಲಿ ಅನ್ನುತ್ತಾಳೆ, ಅಮ್ಮಾ, ಅಪ್ಪನಿಗೆ ಏನೂ ಗೊತ್ತಾಗ್ತಿಲ್ಲ, ಗೋಡೆ ನೋಡಿದ್ರೂ ಒಂದೇ ಸಿನಿಮಾ ನೋಡಿದ್ರೂ ಒಂದೇ, ಇಲ್ಲಾದ್ರೆ ನಮ್ಮನೆ ಹತ್ರಾನೇ ಒಳ್ಳೇ ಆರೈಕೆ ಮನೆ ಇದೆ, ಬಿಸಿಲಿದೆ, ನಿನಗೂ ಸಾಕಾಗಿದೆ, ಒಪ್ಕೋ — ಕೆಟ್ಟವಳಲ್ಲ ಅವಳು, ಬಸವಳಿದಿದ್ದಾಳೆ, ಪ್ರತಿ ತಿಂಗಳು ವಿಮಾನದಲ್ಲಿ ಓಡಾಡುತ್ತಾಳೆ, ನಾನೇನು ಹೇಳಲಿ, ಹೆಂಡತಿಯೂ ಅಲ್ಲ, ಸಹಿ ಮಾಡುವ ಹಕ್ಕಿಲ್ಲ, ನನ್ನದು ಮಂಗಳವಾರ ಮಾತ್ರ, ಗೊತ್ತಾಗುತ್ತೆ ಕಣೇ ಅವನಿಗೆ, ಒಳಗಿದ್ದಾನೆ, ಅಂದೆ, ಹೇಗೆ ಹೇಳ್ತೀಯಮ್ಮಾ ಅಂದಳು. ಮಾತು ಕಲಿಸಲು ಬರುವ ಹುಡುಗಿ ಕೀಶಾ ಒಂದು ದಿನ ಅಂದಳು, ಮೇಡಮ್, ಮಾತು ಹೋದೋರಿಗೂ ಒಮ್ಮೊಮ್ಮೆ ಹಾಡು ಉಳಿದಿರುತ್ತೆ, ಮಾತಿಗೆ ಮಿದುಳಿನಲ್ಲಿ ಒಂದು ದಾರಿ ಆದ್ರೆ ಹಾಡಿಗೆ ಇನ್ನೊಂದು, ಬನ್ನಿ ಓರಿನ್, ನನ್ ಜೊತೆ ಹಾಡಿ, ನೀ-ರು ಬೇ-ಕು, ಮೇಜು ತಟ್ಟಿ ರಾಗವಾಗಿ ಹಾಡಿದಳು ಪಾಪ, ಇವನು ತುಟಿ ಬಿಗಿದು ಛಾವಣಿ ನೋಡಿದ, ವಾರವಿಡೀ ಅದೇ, ಆ ಹುಡುಗಿಯ ಗಂಟಲು ಬಿದ್ದುಹೋಯಿತು, ಹಾಳೆಯಲ್ಲಿ ಬರೆದಳು, ಪ್ರತಿಕ್ರಿಯೆ ಇಲ್ಲ, ಜನೆಲ್ ಅದನ್ನೇ ಹಿಡಿದುಕೊಂಡಳು, ನನಗೆ ಮಾತ್ರ ಆ ಬಿಗಿದ ತುಟಿ ನೋಡಿ ಅನುಮಾನ, ಅದು ಪ್ರತಿಕ್ರಿಯೆ ಇಲ್ಲದ ಮುಖವಲ್ಲ, ಅದು ಅಭಿಪ್ರಾಯ ಇರುವ ಮುಖ, ನಾನು ಆ ಮುಖದ ಪಕ್ಕ ಕೂತು ಎಷ್ಟು ಸಿನಿಮಾ ನೋಡಿದ್ದೇನೆ, ಆದರೆ ಅನುಮಾನ ಸಾಕ್ಷಿಯಲ್ಲ, ರಾತ್ರಿ ಹಾಸಿಗೆಯಲ್ಲಿ ನನಗೇ ಧೈರ್ಯ ಸಾಲುವುದಿಲ್ಲ, ಮಗಳು ಹೇಳುವುದೇ ನಿಜವಿರಬಹುದು, ಮನೆ ಖಾಲಿಯಾದ ಮೇಲೂ ಬಾಗಿಲು ಬಡಿಯುತ್ತಿರುವವಳು ನಾನೇ ಇರಬಹುದು.

ಸಿನಿಮಾ ಮಾತ್ರ ಚೆನ್ನಾಗಿದೆ, ಹೇಳಲೇಬೇಕು, ಮೀಸೆಯವನಿಗೆ ಕಂಠವಿದೆ, ಸತ್ತವಳ ಅಕ್ಕನಾಗಿ ಬಂದ ದಪ್ಪ ಹೆಂಗಸು ಮೀನಿನಂಗಡಿಯಲ್ಲಿ ಒಂದು ಹಾಡು ಹಾಡಿದಳು, ಏನು ಹಾಡು, ಮೂರು ಮೆಟ್ಟಿಲು ಹತ್ತಿ ಕೊನೆಗೆ ಉಸ್ಸೆಂದು ಕೂರುವ ರಾಗ, ಕಿವಿಯಲ್ಲಿ ಅಂಟಿಕೊಂಡಿದೆ, ಅವಳ ಏಪ್ರನ್ನಿನ ಅಂಚು ಕೈಹೊಲಿಗೆ, ಯಾರೋ ಪುಣ್ಯಾತ್ಮರು ಮನಸ್ಸಿಟ್ಟು ಮಾಡಿದ್ದಾರೆ — ಪಾಪ್‌ಕಾರ್ನ್, ಮರೆತೇ ಹೋಗಿತ್ತು, ಚೀಲದಿಂದ ಸದ್ದಾಗದಂತೆ ತೆಗೆಯುತ್ತೇನೆ, ಮನೆಯಲ್ಲೇ ಹುರಿದದ್ದು, ಕದ್ದು ತರುವುದು ನಮ್ಮ ಹಳೆಯ ಚಾಳಿ, ಈಗ ಅವನ ಪಾಲಿಗೆ ಉಪ್ಪಿಲ್ಲದ್ದು, ಡಾಕ್ಟರ ಆಜ್ಞೆ, ಉಪ್ಪಿಗಿಂತ ರುಚಿ ಬೇರೆ ಇಲ್ಲ ಅನ್ನುತ್ತಾರೆ, ಡಾಕ್ಟರಿಗೆ ಯಾರು ಹೇಳಬೇಕು, ಅವನ ಮಡಿಲಲ್ಲಿ ಅವನ ಪೊಟ್ಟಣ ಇಡುತ್ತೇನೆ, ಎಡಗೈಯಿಂದ ಒಂದೊಂದೇ ಹೆಕ್ಕಿ ಬಾಯಿಗೆ ಹಾಕಿಕೊಳ್ಳುತ್ತಾನೆ, ಹತ್ತಿ ಅಗಿಯುವವನ ಮುಖ, ಬಲಗೈ ಹಾಗೆಯೇ ಅಂಗಾತ, ಅಂಗೈ ತುಂಬ ಕೆಂಪು, ನಾನು ಕಳ್ಳಿಯಂತೆ ಚೀಲದೊಳಗೇ ನನ್ನ ಪಾಲಿಗೆ ಉಪ್ಪು ಉದುರಿಸಿಕೊಳ್ಳುತ್ತೇನೆ, ಪುಟ್ಟ ಉಪ್ಪಿನ ಡಬ್ಬಿ, ಶಬ್ದವಾಗಬಾರದು, ಅವನಿಗೆ ಕಾಣಬಾರದು, ಕಂಡರೆ ತಾನೇ ಏನು, ಗೋಡೆ ನೋಡಿದರೂ ಒಂದೇ — ಛೆ, ಹಾಗೆ ಅಂದುಕೊಳ್ಳಬಾರದು, ಅಂದುಕೊಂಡೆನಲ್ಲ — ಪರದೆಯ ಮೇಲೆ ಅದೇ ರಾಗ ಮತ್ತೆ ಬರುತ್ತಿದೆ, ಈ ಸಲ ಪತ್ತೇದಾರ ಹಾಡುತ್ತಿದ್ದಾನೆ, ಒಂಟಿ ಪಿಟೀಲು, ಹಾಲ್ ಉಸಿರು ಹಿಡಿದಿದೆ, ರಾಗ ಮೂರು ಮೆಟ್ಟಿಲು ಹತ್ತಿತು, ಕೂತಿತು, ಪಿಟೀಲು ನಿಂತಿತು, ಮೌನ, ಈ ಮೌನಕ್ಕಾಗಿಯೇ ನಾನು ಸಿನಿಮಾ ನೋಡುವುದು, ಆದರೆ ರಾಗ ಮತ್ತೆ ಹತ್ತುತ್ತಿದೆ, ಪರದೆಯ ಮೇಲಲ್ಲ, ಪತ್ತೇದಾರನ ಬಾಯಿ ಮುಚ್ಚಿದೆ, ಪಕ್ಕದಲ್ಲಿ, ನನ್ನ ಪಕ್ಕದಲ್ಲಿ, ತುಕ್ಕು ಹಿಡಿದ ಬಾಗಿಲು ತೆರೆದಂತೆ ಒಂದು ದನಿ, ಉ-ಪ್ಪು, ಒಂದು ಮೆಟ್ಟಿಲು, ಕೊ-ಡೇ, ಇನ್ನೊಂದು, ಬರ್-ನೀ, ಅಲ್ಲಿಗೆ ಬಂದು ಉಸ್ಸೆಂದು ಕೂತಿತು. ಹಿಂದಿನಿಂದ ಯಾರೋ ಶ್ ಅಂದರು, ಇನ್ಯಾರೋ ಕಿಸಕ್ಕನೆ ನಕ್ಕರು, ಓರಿನ್ ತಿರುಗಿ ನನ್ನನ್ನೇ ನೋಡುತ್ತಿದ್ದಾನೆ, ತುಟಿಯ ಒಂದು ತುದಿ ಮಾತ್ರ ಮೇಲೆ ಹೋಗಿದೆ, ಆ ತುದಿ ನನಗೆ ಗೊತ್ತು, ಹಾಲ್ ನಗಿಸಿದ ದಿನದ್ದು, ನೋಡಿದ್ದಾನೆ, ಎಲ್ಲ ನೋಡಿದ್ದಾನೆ, ನನ್ನ ಕಳ್ಳ ಡಬ್ಬಿಯನ್ನೂ, ಇಷ್ಟು ದಿನ ಕಾರಿನಲ್ಲಿ ನಾನೊಬ್ಬಳೇ ಆಡಿದ್ದನ್ನೂ, ಸಾಕಷ್ಟು ಕಾಯದೆ ತಿರುಗಿಸಿದ ಕೀಲಿಗಳನ್ನೂ, ಮಾತಾಡ್ಬಾರ್ದು ಕಣೋ, ದೀಪ ಹತ್ಬೇಕು, ಜನೆಲ್‌ಗೆ ಫೋನ್ ಮಾಡಬೇಕು, ಶನಿವಾರ ಬೇಡ ಅನ್ನಬೇಕು, ಕೀಶಾಗೆ ಹೇಳಬೇಕು, ಡಾಕ್ಟರು ಬೈಯಲಿ, ಡಬ್ಬಿಯ ಮುಚ್ಚಳ ಎಲ್ಲಿ, ಕಣ್ಣು ಮಸುಕಾಗಿ ಏನೂ ಕಾಣುವುದಿಲ್ಲ, ಪರದೆಯಲ್ಲಿ ಏನೋ ನಡೆಯುತ್ತಿದೆ, ನಡೆಯಲಿ, ಕಾಣುವುದೊಂದೇ, ಎಡಗೈ, ಪೊಟ್ಟಣ ಬಿಟ್ಟು ನನ್ನತ್ತ ಚಾಚಿಕೊಂಡ ಎಡಗೈ, ಅಂಗಾತ, ಕೆಂಪು ದೀಪದ ಕೆಳಗೆ, ಬಿಚ್ಚಿದ ಅಂಗೈ, ಕೇಳುತ್ತಿರುವ ಅಂಗೈ, ಕೆಂಪು, ಅಂಗೈ