ಕಡೆಮೇವು

ಷೇರುಪೇಟೆಯ ಸುದ್ದಿ ಬರೆಯುವ ಇಂಗ್ಲಿಷ್ ಪತ್ರಕರ್ತರಿಗೆ ಪ್ರಾಣಿಗಳ ಮೇಲೆ ಅದೇನು ಹಗೆಯೋ ನನಗಂತೂ ಗೊತ್ತಿಲ್ಲ. ಪೇಟೆ ಏರಿದರೆ ಗೂಳಿ, ಇಳಿದರೆ ಕರಡಿ. ಚಿತ್ರದುರ್ಗದ ಸಣ್ಣ ಪತ್ರಿಕೆಯೊಂದರಲ್ಲಿ ಕೂತು ಈ ಮೃಗಾಲಯವನ್ನೆಲ್ಲ ಕನ್ನಡಕ್ಕೆ ತರುವುದು ಏಳು ವರ್ಷದಿಂದ ನನ್ನ ಹೊಟ್ಟೆಪಾಡು.

ಕಳೆದ ತಿಂಗಳು ಒಂದು ತಲೆಬರಹ ಬಂತು: ಡೆಡ್ ಕ್ಯಾಟ್ ಬೌನ್ಸ್. ಅಪ್ಪನನ್ನು ಆಸ್ಪತ್ರೆಗೆ ಸೇರಿಸಿ ಬಂದ ದಿನ ಅದು, ನನ್ನ ತಲೆ ನೆಟ್ಟಗಿರಲಿಲ್ಲ. ‘ಪೇಟೆಯಲ್ಲಿ ಸತ್ತ ಬೆಕ್ಕಿನ ನೆಗೆತ’ ಎಂದು ಬರೆದು ಕಳಿಸಿಬಿಟ್ಟೆ. ಮರುದಿನ ಭೀಮಸಮುದ್ರದ ಅಡಿಕೆ ವ್ಯಾಪಾರಿಯೊಬ್ಬರು ಫೋನ್ ಮಾಡಿ, ಬೆಕ್ಕು ಸತ್ತಿದ್ದು ಯಾವ ಪೇಟೆಯಲ್ಲಿ, ಇವತ್ತು ವ್ಯಾಪಾರ ಮಾಡಬಹುದೋ ಬೇಡವೋ ಎಂದು ಕೇಳಿದರು. ಸಂಪಾದಕ ಪ್ರಭು ಸರ್ ಇಡೀ ಆಫೀಸಿನ ಮುಂದೆ ನನ್ನನ್ನು ಜಾಡಿಸಿದರು.

“ಎತ್ತರದಿಂದ ಬಿಸಾಕಿದ್ರೆ ಸತ್ತ ಬೆಕ್ಕೂ ಒಂದ್ಸಲ ಪುಟಿತೈತೆ ಅಂತ ಅದರರ್ಥ, ಮಮತಾ. ಬಿದ್ದ ಪೇಟೆ ಒಂದಿನ ಏಳ್ತೈತೆ, ಮತ್ತೆ ಬೀಳ್ತೈತೆ. ಅದಕ್ಕೊಂದು ಕನ್ನಡ ಹುಡುಕ್ರಿ.”

ಕನ್ನಡ ಸಿಕ್ಕಿದ್ದು ಅಪ್ಪನ ಬಾಯಲ್ಲಿ. ಲಿವರ್ ಪೂರ್ತಿ ಹೋಗಿದೆ, ಮನೆಗೆ ಕರೆದುಕೊಂಡು ಹೋಗಿ ಎಂದು ಡಾಕ್ಟರು ಹೇಳಿದ ಮೇಲೆ ಅವನನ್ನು ಹಿರೇಗುಂಟನೂರಿನ ಮನೆಯಲ್ಲಿ ಮಲಗಿಸಿದ್ದೆವು. ಐವತ್ತು ವರ್ಷ ಕುರಿ ಕಾದ ಪಾಲಯ್ಯನಿಗೆ ಈಗ ಮಗ್ಗುಲು ಬದಲಿಸಲೂ ನಾವು ಬೇಕು. ಸ್ವಲ್ಪ ನಗಲಿ ಎಂದು ಬೆಕ್ಕಿನ ಕಥೆ ಹೇಳಿದೆ. ಅವನು ನಗಲಿಲ್ಲ.

“ಬೆಕ್ಕು ಯಾಕವ್ವ? ಅವ್ರು ಕುರಿ ನೋಡಿಲ್ವೇನು? ಕಾಯಿಲೆ ಬಿದ್ದ ಕುರಿ ನಾಕು ದಿನ ಮೇವು ಮೂಸಲ್ಲ. ಐದ್ನೇ ದಿನ ಎದ್ದು ಗಬಗಬ ಮೇಯ್ತೈತೆ. ಹೊಸಬ ಆದ್ರೆ ಉಳೀತು ಅಂತ ಕುಣೀತಾನೆ. ಅದು ಕಡೆಮೇವು. ಸಂಜೆಗೆ ಹೋತು ಅಂತ್ಲೇ ಲೆಕ್ಕ.”

ಮುಂದಿನ ಸಲ ‘ಪೇಟೆಗೆ ಕಡೆಮೇವು’ ಎಂದೇ ಅಚ್ಚು ಹಾಕಿಸಿದೆ. ಪ್ರಭು ಸರ್ ಶಹಬ್ಬಾಸ್ ಎಂದರು. ಓದಲು ಬಾರದ ಅಪ್ಪ ಆ ಪೇಪರನ್ನು ಮಡಿಸಿ ದಿಂಬಿನ ಕೆಳಗೆ ಇಟ್ಟುಕೊಂಡ. ನನಗೆ ಎಷ್ಟು ಹೆಮ್ಮೆಯಾಗಿತ್ತು ಎಂದು ಈಗ ನೆನೆದರೆ ನಾಚಿಕೆಯಾಗುತ್ತದೆ.

ಆಮೇಲೆ ಅಪ್ಪ ಗಂಜಿ ನುಂಗುವುದನ್ನೂ ನಿಲ್ಲಿಸಿದ. ಅಡಿಕೆ ಲಾರಿ ಓಡಿಸುವ ಅಣ್ಣ ಹನುಮೇಶ್ ಹುಬ್ಬಳ್ಳಿಯಲ್ಲಿದ್ದ. ಬೇಗ ಬಾ ಎಂದು ಬುಧವಾರ ಹೇಳಿದೆ. ನಾಳೆ ಹೊರಡುತ್ತೇನೆ ಎಂದ.

ಗುರುವಾರ ಬೆಳಗ್ಗೆ ನೋಡಿದರೆ ಅಪ್ಪ ಗೋಡೆಗೆ ಒರಗಿ ಕೂತಿದ್ದಾನೆ! “ಬರಗೇರಮ್ಮ, ಮುದ್ದೆ ಮಾಡು” ಎಂದು ಅವ್ವನನ್ನು ಕೂಗಿದ. ಹುರುಳಿ ಸಾರಿನಲ್ಲಿ ಅರ್ಧ ಮುದ್ದೆ ಉಂಡು, ಇನ್ನೊಂದಿಷ್ಟು ಸಾರು ಹಾಕಿಸಿಕೊಂಡ. ಕುರಿಗೆ ನೀರು ಯಾರು ಕುಡಿಸುತ್ತಾರೆ ಎಂದು ಕೇಳಿದ. ಅವ್ವ ಕೈ ಒರೆಸಿಕೊಂಡು ಫೋನ್ ಹಿಡಿದಳು.

“ಹನುಮೇಶ, ಬರ್ಬೇಡಪ್ಪ. ನಿಮ್ಮಪ್ಪ ಎದ್ದು ಕುಂತು ಮುದ್ದೆ ಉಂಡವ್ನೆ. ಲೋಡ್ ಮುಗಿಸ್ಕೊಂಡು ನಿಧಾನಕ್ಕೆ ಬಾ.”

ನಾನು ಅಪ್ಪನ ಕಡೆ ನೋಡಿದೆ. ಅವನು ನನ್ನನ್ನೇ ನೋಡುತ್ತಿದ್ದ. ಅವನ ಕೈ ದಿಂಬಿನ ಅಂಚಿನಲ್ಲಿದ್ದ ಪೇಪರಿನ ಮೇಲಿತ್ತು.

ಹಿತ್ತಲಿಗೆ ಹೋಗಿ ಅಣ್ಣನಿಗೆ ಫೋನ್ ಮಾಡಿದೆ.

“ಈಗ್ಲೇ ಬಸ್ ಹತ್ತು ಅಣ್ಣ.”

“ಅವ್ವ ಬೇಡ ಅಂದ್ಲಲ್ಲೇ. ಹುಷಾರಾಗವ್ನಂತಲ್ಲ?”

“ಕಡೆಮೇವು ಅಣ್ಣ.”

ಓದುಗರಿಗೆ ಅರ್ಧ ಅಂಕಣ ವಿವರಣೆ ಬೇಕಾಗಿದ್ದ ಮಾತು ಕುರಿಗಾರನ ಮಗನಿಗೆ ಒಂದೇ ಸಲಕ್ಕೆ ತಿಳಿಯಿತು. “ಬಂದೆ” ಎಂದ. ನಾನು ಕಲ್ಲಿನ ಮೇಲೆ ಕೂತು ಬಾಯಿಗೆ ಸೆರಗು ಒತ್ತಿಕೊಂಡು ಅತ್ತೆ.

ಅವ್ವ ಮಧ್ಯಾಹ್ನದವರೆಗೂ ಕೂತಲ್ಲಿ ಕೂರಲಿಲ್ಲ. ಅಪ್ಪನಿಗೆ ತಲೆ ಬಾಚಿದಳು, ಒಗೆದ ಅಂಗಿ ತೊಡಿಸಿದಳು, ಪಕ್ಕದ ಮನೆಯ ಕೆಂಚಕ್ಕನನ್ನು ಕರೆದು ತೋರಿಸಿದಳು. ಮತ್ತೆ ಒಲೆ ಹಚ್ಚಿ ಎಸರಿಟ್ಟಳು.

ಮೂರು ಗಂಟೆಗೆ ಅಣ್ಣ ಬಾಗಿಲಲ್ಲಿ ನಿಂತ. ಸೌಟು ಹಿಡಿದುಕೊಂಡೇ ಅವ್ವ ಹೊರಗೆ ಬಂದಳು.

“ಬರ್ಬೇಡ ಅಂದಿದ್ನಲ್ಲೋ?”

ಅಣ್ಣ ನೇರವಾಗಿ ಒಳಗೆ ಹೋಗಿ ಅಪ್ಪನ ಕಾಲು ಹಿಡಿದುಕೊಂಡು ಕೂತ. “ಬಂದ್ಯಾ” ಎಂದ ಅಪ್ಪ, ಅವನ ತಲೆಯ ಮೇಲೆ ಕೈಯಿಟ್ಟ.

ಅವ್ವ ಸೌಟು ಕೆಳಗಿಟ್ಟು ನನ್ನ ಹತ್ತಿರ ಬಂದಳು. ಬೈಯುತ್ತಾಳೆ ಎಂದುಕೊಂಡೆ. ಅವಳ ದನಿ ಏರಲೇ ಇಲ್ಲ.

“ನಾನೂ ಕುರಿ ಕಾದೋಳೇ ಕಣೆ. ಅವ್ನು ಮುದ್ದೆ ಕೇಳಿದಾಗ್ಲೇ ಗೊತ್ತಾತು. ಹನುಮೇಶ ಬಂದ್ರೆ ನಿಜ ಆಗ್ಬಿಡ್ತೈತೆ ಅಂತ ಬೇಡ ಅಂದೆ. ಸಂಜೆಗಂಟ ನನ್ನ ಸುಮ್ನೆ ಬಿಡ್ಬಾರ್ದಾಗಿತ್ತಾ?”