ಜ್ಯೇಷ್ಠಾ ನಕ್ಷತ್ರದ ಅಳತೆ

ಶ್ಯಾಮಲಳಿಗೆ ಮೈಯೆಲ್ಲ ಉರಿಯುತ್ತಿತ್ತು. ಹುಟ್ಟಿದ ನಕ್ಷತ್ರದ ಬಗ್ಗೆಯೂ ಸುಳ್ಳು ಹೇಳಬೇಕಂತೆ! ಬೆಳಗಿನಿಂದ ಅಪ್ಪ ಮುನಿವೆಂಕಟಪ್ಪನದು ಅದೇ ವರಾತ. "ಯಾರು ಕೇಳಿದ್ರೂ ಅನುರಾಧಾ ಅನ್ನು ಕಣಮ್ಮ. ಜ್ಯೇಷ್ಠಾ ಅಂತ ಬಾಯಿಬಿಟ್ಟೀಯ, ಹುಷಾರ್!"

ಜ್ಯೇಷ್ಠಾ ನಕ್ಷತ್ರದ ಹೆಣ್ಣು ಗಂಡನ ಅಣ್ಣನಿಗೆ ಆಗಿಬರುವುದಿಲ್ಲ, ಅವನ ಜೀವಕ್ಕೇ ಕುತ್ತು ಎಂದು ಶಿಡ್ಲಘಟ್ಟದ ಸುತ್ತೆಲ್ಲ ನಂಬಿಕೆ. ನೋಡಲು ಬಂದ ಗಂಡುಗಳಿಗೆಲ್ಲ ಎಲ್ಲಿಂದಲೋ ಒಬ್ಬೊಬ್ಬ ಅಣ್ಣ ಇದ್ದೇ ಇರುತ್ತಿದ್ದ. ವಿಷಯ ತಿಳಿದ ಕೂಡಲೇ ಕಾಲ್ಕೀಳುತ್ತಿದ್ದರು.

ಈ ಸಲ ಗಂಡಿನ ಅಣ್ಣನಾಗಿ ಬರುತ್ತಿದ್ದವರು ಮಾತ್ರ ನರಸಿಂಹಪ್ಪ ಮೇಷ್ಟ್ರು. ಹೈಸ್ಕೂಲಿನಲ್ಲಿ ಅವಳಿಗೆ ವಿಜ್ಞಾನ ಕಲಿಸಿದವರು. ಸಾವಿರದ ಒಂಬೈನೂರ ಅರವತ್ತನಾಲ್ಕರ ಆ ವರ್ಷ ಅವಳೂ ಅದೇ ಹೈಸ್ಕೂಲಿನಲ್ಲಿ ಟೀಚರಾಗಿದ್ದಳು. ದಿಬ್ಬೂರಹಳ್ಳಿಯಲ್ಲಿ ರೇಷ್ಮೆ ಇಲಾಖೆಯ ಕೆಲಸದಲ್ಲಿದ್ದ ತಮ್ಮ ಜಯರಾಮಪ್ಪನಿಗೆ ಅವಳನ್ನು ಕೇಳಿದ್ದು ಮೇಷ್ಟ್ರೇ. ಜಯರಾಮಪ್ಪನ ಮೇಲೆ ಅವಳಿಗೂ ಮನಸ್ಸಿತ್ತು. ನಾಚಿಕೆ ಬಿಟ್ಟು ಹೇಳುವುದಾದರೆ ತುಂಬಾನೇ ಇತ್ತು.

ಜ್ಯೇಷ್ಠಾ ಎಂದರೆ ಏನೆಂದು ಅವಳಿಗೆ ಹೇಳಿಕೊಟ್ಟವರೂ ಈ ಮೇಷ್ಟ್ರೇ. ಚಂದ್ರ ಅಡ್ಡ ಬಂದಾಗ ಬೇರೆ ನಕ್ಷತ್ರಗಳು ದೀಪ ಊದಿದ ಹಾಗೆ ಫಕ್ಕನೆ ಮರೆಯಾಗುತ್ತವೆ. ಜ್ಯೇಷ್ಠಾ ಮಾತ್ರ, ಮೈ ದೊಡ್ಡದಾದ್ದರಿಂದ, ಒಂದು ಚೂರು ಹೊತ್ತು ಮಂಕಾಗುತ್ತ ಹೋಗಿ ಮರೆಯಾಗುತ್ತದೆ. ಆ ಚೂರು ಹೊತ್ತನ್ನು ಅಳೆದು, ಅದು ಎಷ್ಟು ದೂರದಲ್ಲಿದೆ ಎಂಬುದನ್ನು ಸೇರಿಸಿದರೆ ಗಾತ್ರ ಸಿಗುತ್ತದೆ. ಸೂರ್ಯನ ಜಾಗದಲ್ಲಿಟ್ಟರೆ ನಮ್ಮ ಭೂಮಿ ಅದರ ಹೊಟ್ಟೆಯೊಳಗೆ! ಪಕ್ಕದಲ್ಲಿರುವ ಪುಟ್ಟ ನಕ್ಷತ್ರ ಅದನ್ನು ಸುತ್ತುವ ರೀತಿ ನೋಡಿ ತೂಕದ ಅಂದಾಜು ಮಾಡುತ್ತಾರೆ. ಅಷ್ಟು ದೊಡ್ಡ ಮೈಗೆ ಹತ್ತು ಹದಿನೈದು ಸೂರ್ಯರಷ್ಟೇ ತೂಕ. "ಬರೀ ತೆಳು ಗಾಳಿ ಕಣ್ರಮ್ಮ. ಇದು ಯಾರ ಭಾವನ್ನ ಏನು ಮಾಡೀತು?" ಎಂದು ಮೇಷ್ಟ್ರು ನಕ್ಕಿದ್ದರು. ಆ ದಿನ ಕ್ಲಾಸಿನಲ್ಲಿ ಅವಳಷ್ಟು ಖುಷಿಪಟ್ಟವರು ಇನ್ನೊಬ್ಬರಿರಲಿಲ್ಲ.

ಅಂಥವರ ಮುಂದೆ ಸುಳ್ಳು ಹೇಳುವುದೇ?

ಗಂಡಿನ ಕಡೆಯವರು ಬಂದರು, ಕಾಫಿ ಆಯಿತು. ಮೇಷ್ಟ್ರ ಹೆಂಡತಿ ಆದಿಲಕ್ಷ್ಮಮ್ಮ ಹುಡುಗಿಯ ನಕ್ಷತ್ರ ಕೇಳಿದರು.

"ಅನುರಾಧಾ" ಎಂದ ಅಪ್ಪ.

"ಅಲ್ಲ, ಜ್ಯೇಷ್ಠಾ" ಎಂದಳು ಶ್ಯಾಮಲ. ಮೇಷ್ಟ್ರು ಈಗ ನಗುತ್ತಾರೆಂದು ಅವರ ಮುಖವನ್ನೇ ನೋಡಿದಳು.

ಮೇಷ್ಟ್ರು ನಗಲಿಲ್ಲ. ಮುಖ ಬಿಳಿಚಿಕೊಂಡಿತ್ತು. ಆದಿಲಕ್ಷ್ಮಮ್ಮ ಕೊರಳ ತಾಳಿ ಹಿಡಿದುಕೊಂಡು ಧಡಕ್ಕನೆ ಎದ್ದೇಬಿಟ್ಟರು.

"ಮೊದ್ಲೇ ಹೇಳ್ಬಾರದಿತ್ತೇನಮ್ಮ?" ಎಂದರು ಮೇಷ್ಟ್ರು.

"ಸಾರ್, ಅದು ಬರೀ ಗಾಳಿ ಅಂತ ನೀವೇ ಅಲ್ವ ಪಾಠ ಮಾಡಿದ್ದು?"

"ಪಾಠ ಬೇರೆ, ಮನೆ ಬೇರೆ ಕಣಮ್ಮ. ನಂಗೂ ಹೆಂಡ್ತಿ ಮಕ್ಕಳಿದಾರೆ."

ಜಯರಾಮಪ್ಪ "ಅಣ್ಣಾ..." ಎಂದ. ಅಣ್ಣ ಒಂದು ಸಲ ಗುರಾಯಿಸಿದ್ದೇ ತಡ, ಬಾಯಿ ಮುಚ್ಚಿಕೊಂಡು ಚಪ್ಪಲಿ ಮೆಟ್ಟಲು ಹೋದ. ಥೂ! ಇಂಥವನಿಗಾಗಿ ಇಷ್ಟು ದಿನ ಕನಸು ಕಂಡಿದ್ದಳಲ್ಲ!

ಅವಳಿಗೆ ಅಳು ಬರಲಿಲ್ಲ, ಕೆಂಡದಂಥ ಸಿಟ್ಟು ಬಂತು. ಬೆಳಗಿನಿಂದ ಅಪ್ಪನ ಮೇಲೆ ಹರಿಹಾಯ್ದಿದ್ದಳು. ಪಾಪ, ಅಪ್ಪ ನಂಬಿದ್ದಕ್ಕೆ ಹೆದರಿದ್ದ. ಈ ಮನುಷ್ಯ ತಾನು ನಂಬದೇ ಇರುವುದಕ್ಕೂ ಹೆದರಿ ಸಾಯುತ್ತಿದ್ದಾನೆ!

ಹೊಸಿಲ ಹತ್ತಿರ ಮೇಷ್ಟ್ರು ಹಿಂದಿರುಗಿ ನೋಡಿದರು. "ಬೇಜಾರು ಮಾಡ್ಕೋಬೇಡಮ್ಮ. ಸೋಮವಾರ ಸ್ಕೂಲಲ್ಲಿ ಸಿಗಣ."

"ಸಿಗಣ ಸಾರ್. ಆದ್ರೆ ನಕ್ಷತ್ರದ ಪಾಠ ಇನ್ಮೇಲೆ ನಾನು ಮಾಡ್ತೀನಿ. ಆ ಪಾಠಕ್ಕೆ ನೀವು ಕ್ಲಾಸೊಳಗೆ ಕಾಲಿಡ್ಬೇಡಿ."

ಮೇಷ್ಟ್ರು ಹೆಂಡತಿಯ ಕಡೆ ನೋಡಿದರು, ತಮ್ಮನ ಕಡೆ ನೋಡಿದರು, ಅವಳ ಕಡೆ ನೋಡಲಿಲ್ಲ.

"ಆಗಲಮ್ಮ" ಎಂದರು.